ಹಿಂದಿನ ಸಾಲಿನ ಸೇನಾನಿ ಜರ್ನೈಲ್ ಸಿಂಗ್

ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಲ್ಲಿ ಕುಳಿತು ಕಾಲ್ಚೆಂಡಾಟದ ವೀರನೊಬ್ಬನ ಚರಿತ್ರೆಯನ್ನು ಬರೆಯಹೊರಟವನನ್ನು ಕಂಡು ಊರ ಹಿರಿಯರು ನಕ್ಕರೆ ಅದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ನಮ್ಮದು ಮುಗಿಲನ್ನು ನೋಡಿ ಬದುಕುವ ಸೀಮೆ. ಇಲ್ಲಿಯ ಹುಡುಗರಿಗೆ ಕಬಡ್ಡಿ ಗೊತ್ತು, ಖೊಖೊ ಗೊತ್ತು, ಸಂಜೆಯ ಹೊತ್ತು ಎರಡು ಕಂಬ ನೆಟ್ಟು ಬಲೆ ಕಟ್ಟಿ ಆಡುವ ವಾಲಿಬಾಲ್ ಗೊತ್ತು. ಕಾಲ್ಚೆಂಡಿಗೆ ಬೇಕಾದ ಹಸುರು ನೆಲ ಇಲ್ಲಿ ಮಳೆಗಾಲದ ನಾಲ್ಕು ವಾರ ಮಾತ್ರ ಕಣ್ಣಿಗೆ ಬೀಳುತ್ತದೆ; ಮಿಕ್ಕ ದಿನಗಳಲ್ಲಿ ಬಿದ್ದವನ ಮೊಣಕಾಲಿನ ಚರ್ಮ ನೆಲದ ಪಾಲು.

ಆದರೂ ಚಿತ್ರದುರ್ಗದ ಸೀಮೆಯವರಿಗೆ ಕಾಯುವ ಕೆಲಸದ ಘನತೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಏಳು ಸುತ್ತಿನ ಕೋಟೆಯನ್ನು ಆಳಿದ ಮದಕರಿನಾಯಕನಿಗೆ ಎಷ್ಟು ಹೆಸರಿದೆಯೋ, ಕಿಂಡಿಯ ಬಳಿ ಒನಕೆ ಹಿಡಿದು ನಿಂತ ಓಬವ್ವನಿಗೂ ನಮ್ಮಲ್ಲಿ ಅಷ್ಟೇ ಹೆಸರಿದೆ. ಕಾಲ್ಚೆಂಡಾಟದಲ್ಲಿ ಮಾತ್ರ ಈ ನ್ಯಾಯ ನಡೆಯುವುದಿಲ್ಲ. ಗೋಲು ಹೊಡೆದವನನ್ನು ಜನ ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಹತ್ತು ಗೋಲುಗಳನ್ನು ಆಗಗೊಡದೆ ತಡೆದವನು ತನ್ನ ಚೀಲವನ್ನು ತಾನೇ ಹೊತ್ತು ಮನೆಗೆ ಹೋಗುತ್ತಾನೆ. ಆಗದೆ ಹೋದ ಗೋಲನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ.

1962ರ ಸೆಪ್ಟೆಂಬರಿನಲ್ಲಿ ನಾನು ಮಿಡ್ಲ್ ಸ್ಕೂಲಿನ ಹುಡುಗ. ನಮ್ಮ ಡ್ರಿಲ್ ಮೇಷ್ಟ್ರು ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಬೆಳೆದವರು. ಗೆಳೆಯರೊಡನೆ ಬರಿಗಾಲಿನಲ್ಲಿ ಚೆಂಡೊದೆದು ಬೆಳೆದವರು. ಒಂದು ಮಧ್ಯಾಹ್ನ ಬಸ್ಸಿನಲ್ಲಿ ಬಂದ ಪತ್ರಿಕೆಯನ್ನು ಕಂಕುಳಲ್ಲಿರಿಸಿಕೊಂಡು ತರಗತಿಗೆ ಬಂದ ಅವರು ಆ ದಿನ ಕವಾಯತು ಮಾಡಿಸಲಿಲ್ಲ. ಕರಿಹಲಗೆಯ ಮೇಲೆ ಹನ್ನೊಂದು ಚುಕ್ಕಿಗಳನ್ನಿಟ್ಟು, ಹಿಂದಿನ ಸಾಲಿನ ನಡುವಿನದೊಂದು ಚುಕ್ಕಿಯನ್ನು ಒರೆಸಿ, ಅದನ್ನೇ ಮುಂದಿನ ಸಾಲಿನ ನಡುವೆ ಇಟ್ಟರು. ತಲೆಗೆ ಗಾಯವಾಗಿ ಹೊಲಿಗೆ ಹಾಕಿಸಿಕೊಂಡ ಒಬ್ಬ ಸರದಾರಜಿ ಜಕಾರ್ತದಲ್ಲಿ ಭಾರತಕ್ಕೆ ಚಿನ್ನ ತಂದುಕೊಟ್ಟ ವೃತ್ತಾಂತವನ್ನು ಹೇಳಿದರು. ನಾವು ಅದನ್ನು ಪುರಾಣದ ಕಥೆಯಂತೆ ಕೇಳಿದೆವು. ಮುಂದೆ ನಾನೂ ಮೇಷ್ಟ್ರಾದೆ. ಪುಸ್ತಕಗಳು ಕೈಗೆ ಬಂದ ಮೇಲೆ ಆ ಮನುಷ್ಯನ ಜೀವನವನ್ನು ಬಿಡಿಬಿಡಿಯಾಗಿ ಓದುತ್ತ ಬಂದೆ. ಅವರು ತೀರಿಕೊಂಡು ಈಗ ಕಾಲು ಶತಮಾನವೇ ಕಳೆದಿದೆ. ಕನ್ನಡದಲ್ಲಿ ಅವರ ಬಗೆಗೆ ನಾಲ್ಕು ಪುಟವಾದರೂ ಇರಲಿ ಎಂಬ ಆಸೆಯಿಂದ ಈ ಬರಹ.

ಜರ್ನೈಲ್ ಸಿಂಗ್ ಎಂಬ ಹೆಸರಿನಲ್ಲಿಯೇ ಒಂದು ಸ್ವಾರಸ್ಯವಿದೆ. ಇಂಗ್ಲಿಷಿನ ಜನರಲ್ ಎಂಬ ಪದವು ಪಂಜಾಬಿನ ಹಳ್ಳಿಗರ ನಾಲಗೆಯ ಮೇಲೆ ಹೊರಳಿ ಜರ್ನೈಲ್ ಆಯಿತು. ದಂಡಿಗೆ ಸೇರುವುದನ್ನು ಗೌರವದ ಬಾಳೆಂದು ಬಗೆದ ಆ ನಾಡಿನಲ್ಲಿ ತಂದೆತಾಯಿಗಳು ಮಕ್ಕಳಿಗೆ ಸೇನಾಪತಿಯೆಂದೇ ಹೆಸರಿಟ್ಟರು. ನಮ್ಮ ಕಡೆ ಮಕ್ಕಳಿಗೆ ದೊರೆಸ್ವಾಮಿ ಎಂದು ಹೆಸರಿಡುವುದಿಲ್ಲವೆ, ಹಾಗೆ.

ಅವರು ಹುಟ್ಟಿದ್ದು 1936ರ ಫೆಬ್ರವರಿ 20ರಂದು, ಇಂದು ಪಾಕಿಸ್ತಾನದಲ್ಲಿರುವ ಲಾಯಲ್‌ಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಆ ಜಿಲ್ಲೆಯ ಹುಟ್ಟು ಕೂಡ ವಿಚಿತ್ರವಾದುದು. ಚೀನಾಬ್ ನದಿಯ ನಾಲೆ ಬರುವ ಮುಂಚೆ ಅದು ಮುಳ್ಳುಕಂಟಿಯ ಬೀಡು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷರು ನಾಲೆ ತೋಡಿ, ನೆಲವನ್ನು ಚೌಕ ಚೌಕವಾಗಿ ಅಳೆದು, ಹಳ್ಳಿಗಳಿಗೆ ಹೆಸರಿನ ಬದಲು ಅಂಕಿಗಳನ್ನು ಕೊಟ್ಟು, ಪೂರ್ವ ಪಂಜಾಬಿನ ರೈತರನ್ನು ಕರೆತಂದು ಅಲ್ಲಿ ನೆಲೆಗೊಳಿಸಿದರು. ಹೀಗೆ ಹೋದವರಲ್ಲಿ ಹೋಶಿಯಾರ್‌ಪುರ ಸೀಮೆಯ ಸಿಖ್ ಕುಟುಂಬಗಳು ಬಹಳ. ಜರ್ನೈಲ್ ಸಿಂಗರ ಮನೆತನದ ಬೇರು ಆ ಜಿಲ್ಲೆಯ ಗಢಶಂಕರದ ಬಳಿಯ ಪನಾಮ್ ಎಂಬ ಹಳ್ಳಿಯದು. ವಾಣಿವಿಲಾಸ ಸಾಗರದ ನೀರು ಹಿರಿಯೂರಿನ ಬಯಲಿಗೆ ಹರಿದು ನೆಲದ ಬಣ್ಣವನ್ನೇ ಬದಲಾಯಿಸಿದ್ದನ್ನು ಕಂಡ ನಮಗೆ, ಬರಡಿಗೆ ನೀರು ಬಂದಾಗ ರೈತನಿಗೆ ಅದೆಂಥ ಜೀವ ಬರುತ್ತದೆಂಬುದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಅಂಥ ನೆಲವನ್ನು 1947ರಲ್ಲಿ ಬಿಟ್ಟು ಬರಬೇಕಾಯಿತು. ಆಗ ಹುಡುಗನಿಗೆ ಹನ್ನೊಂದು ವರ್ಷ. ದೇಶವಿಭಜನೆಯ ಆ ತಿಂಗಳುಗಳಲ್ಲಿ ಗಡಿಯ ಎರಡೂ ಕಡೆಗಳಿಂದ ಹೊರಟ ಜನಸಾಗರದಲ್ಲಿ ಎಷ್ಟು ಮಂದಿ ದಾರಿಯಲ್ಲೇ ಅಳಿದರೆಂಬುದಕ್ಕೆ ಇಂದಿಗೂ ಒಮ್ಮತದ ಲೆಕ್ಕವಿಲ್ಲ. ಆ ದಾರಿಯನ್ನು ದಾಟಿ ಬಂದವರಲ್ಲಿ ಈ ಬಾಲಕನೂ ಒಬ್ಬ. ಲಾಯಲ್‌ಪುರದ ಫಲವತ್ತಾದ ಹೊಲವನ್ನು ಅಲ್ಲಿಯೇ ಬಿಟ್ಟು ಕುಟುಂಬವು ಹಿರಿಯರ ಊರಾದ ಪನಾಮಿಗೆ ಮರಳಿತು. ಮುಂದೆ ಜರ್ನೈಲ್ ಸಿಂಗರ ಆಟದಲ್ಲಿ ಎದ್ದು ಕಾಣುತ್ತಿದ್ದ ಮೊಂಡು ಧೈರ್ಯಕ್ಕೆ ಈ ಬಾಲ್ಯವೇ ಮೂಲವೆಂದು ಹೇಳುವವರಿದ್ದಾರೆ. ಇಂಥ ಕಾರ್ಯಕಾರಣಗಳನ್ನು ನಾನು ಅಷ್ಟಾಗಿ ನಂಬುವವನಲ್ಲ. ಅದೇ ದಾರಿಯಲ್ಲಿ ಬಂದ ಲಕ್ಷಾಂತರ ಮಕ್ಕಳು ಚೆಂಡನ್ನು ಮುಟ್ಟಲೂ ಇಲ್ಲ. ಆದರೆ ಒಮ್ಮೆ ನೆಲ ಕಳೆದುಕೊಂಡವನು ಎರಡನೆಯ ಸಲ ಸುಲಭವಾಗಿ ಹೆಜ್ಜೆ ಹಿಂದಿಡುವುದಿಲ್ಲವೆಂಬುದನ್ನು ನಮ್ಮೂರಿನ ಒಕ್ಕಲುಮಕ್ಕಳೂ ಒಪ್ಪಿಯಾರು.

ಪನಾಮಿನಿಂದ ದೂರವಲ್ಲದ ಮಾಹಿಲ್‌ಪುರವು ಪಂಜಾಬಿನ ಕಾಲ್ಚೆಂಡಾಟದ ತವರು. ಅಲ್ಲಿಯ ಖಾಲ್ಸಾ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದ ಹರ್ಭಜನ್ ಸಿಂಗರು ಆಟವನ್ನು ಪಾಠದಷ್ಟೇ ಗೌರವದಿಂದ ಕಂಡವರು. ಚಿಕ್ಕ ಪಟ್ಟಣದ ಒಂದು ಕಾಲೇಜು ಒಂದು ತಲೆಮಾರಿನ ಆಟಗಾರರನ್ನು ದೇಶಕ್ಕೆ ಕೊಡಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು. ಜರ್ನೈಲ್ ಸಿಂಗರು ಇಲ್ಲಿ ಓದುವಾಗ ಮುಂದಿನ ಸಾಲಿನಲ್ಲಿಯೂ ಆಡಿದ್ದರು, ನಡುವೆ ನಿಂತು ಗೋಲು ಹೊಡೆದಿದ್ದರು. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಒಬ್ಬ ಮೇಧಾವಿ ಇದನ್ನೇ ನೆನಪಿನಲ್ಲಿಟ್ಟುಕೊಂಡಿದ್ದರು.

ಆ ಕಾಲದಲ್ಲಿ ಕಾಲ್ಚೆಂಡಾಟಗಾರನಿಗೆ ಕಲ್ಕತ್ತೆಯೇ ಕಾಶಿ. ದೆಹಲಿಯ ಪಂದ್ಯಾವಳಿಯಲ್ಲಿ ಕಣ್ಣಿಗೆ ಬಿದ್ದ ಈ ಎತ್ತರದ ತರುಣನನ್ನು ಕಲ್ಕತ್ತೆಯ ರಾಜಸ್ಥಾನ್ ಕ್ಲಬ್ ಬರಮಾಡಿಕೊಂಡಿತು. ಅಲ್ಲಿ ಅವರು ನಿಂತದ್ದು ಅಲ್ಪಕಾಲ ಮಾತ್ರ. 1959ರಲ್ಲಿ ಮೋಹನ್ ಬಗಾನ್ ಸೇರಿದರು. ಹತ್ತಿರ ಹತ್ತಿರ ಹತ್ತು ವರ್ಷ ಆ ಹಸುರು–ಕಂದು ಬಣ್ಣದ ಅಂಗಿಯನ್ನು ತೊಟ್ಟರು. ಆ ತಂಡವು 1962ರಿಂದ 1965ರವರೆಗೆ ಸತತವಾಗಿ ನಾಲ್ಕು ಸಲ ಕಲ್ಕತ್ತಾ ಲೀಗನ್ನೂ, 1963ರಿಂದ ಮೂರು ಸಲ ಸತತವಾಗಿ ಡ್ಯುರಾಂಡ್ ಕಪ್ಪನ್ನೂ ಗೆದ್ದುಕೊಂಡಿತು. ಆ ತಂಡದಲ್ಲಿ ನಮ್ಮವರೂ ಇದ್ದರೆಂಬುದನ್ನು ಹೇಳದೆ ಬಿಟ್ಟರೆ ತಪ್ಪಾದೀತು. ಮೈಸೂರು ಸಂಸ್ಥಾನದ ಕೆಂಪಯ್ಯನವರು ಕೆಲವು ವರ್ಷ ಹಾಫ್ ಬ್ಯಾಕ್ ಆಗಿ ಜರ್ನೈಲ್ ಸಿಂಗರ ಮುಂದೆಯೇ ಆಡಿದರು. ಬೆಂಗಳೂರಿನ ಅರುಮೈನಾಯಗಂ ಎಡಗಡೆಯ ಅಂಚಿನಲ್ಲಿ ಓಡಿದರು. ವಂಗದ ಅಭಿಮಾನಿಗಳ ಕೂಗಿನ ನಡುವೆ ಒಬ್ಬ ಪಂಜಾಬಿ, ಒಬ್ಬ ಕನ್ನಡಿಗ ಒಬ್ಬರಿಗೊಬ್ಬರು ಯಾವ ಭಾಷೆಯಲ್ಲಿ ಎಚ್ಚರಿಕೆ ಕೊಟ್ಟುಕೊಳ್ಳುತ್ತಿದ್ದರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದುಂಟು.

ಅವರ ಆಟ ಎಂಥದು? ಕಾಲ್ಚೆಂಡಾಟವನ್ನು ಅರಿಯದ ವಾಚಕರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಹಿಂದೆ ತಂಡಗಳು ಗೋಲಿಯ ಮುಂದೆ ಇಬ್ಬರು ಬ್ಯಾಕ್‌ಗಳನ್ನು ಮಾತ್ರ ನಿಲ್ಲಿಸುತ್ತಿದ್ದುವು. ಆಮೇಲೆ ಅವರಿಬ್ಬರ ನಡುವೆ ಮೂರನೆಯವನೊಬ್ಬನು ಬಂದ. ಎದುರಾಳಿಯ ಸೆಂಟರ್ ಫಾರ್ವರ್ಡ್ ಎಲ್ಲಿ ಹೋದರೂ ಅವನ ನೆರಳಿನಂತೆ ಹಿಂಬಾಲಿಸಿ, ಬರುವ ಚೆಂಡನ್ನು ತಲೆಯಿಂದಲೋ ಕಾಲಿನಿಂದಲೋ ಆಚೆಗಟ್ಟುವುದು ಅವನ ಕೆಲಸ. ಸ್ಟಾಪರ್ ಎಂದೇ ಅವನಿಗೆ ಹೆಸರು. ಜರ್ನೈಲ್ ಸಿಂಗರು ಈ ಸ್ಥಾನದ ಆಟಗಾರ. ಎತ್ತರದ, ಗಟ್ಟಿಮುಟ್ಟಾದ ಆಳು. ಗಾಳಿಯಲ್ಲಿ ಬಂದ ಚೆಂಡಿಗೆ ಇವರಿಗಿಂತ ಮೇಲೆ ನೆಗೆಯುವವರು ವಿರಳ. ಅದಕ್ಕಿಂತ ಹೆಚ್ಚಿನದು ಅವರು ನೆಲದ ಮೇಲೆ ಜಾರಿ ಬಂದು ಚೆಂಡನ್ನು ಕಸಿಯುತ್ತಿದ್ದ ರೀತಿ. ಕೆಸರಿನ ಕಲ್ಕತ್ತಾ ಮೈದಾನದಲ್ಲಿ ಓಡುತ್ತಿರುವ ಎದುರಾಳಿಯ ಪಕ್ಕದಿಂದ ದೇಹವನ್ನೆಲ್ಲ ಚೆಲ್ಲಿ, ಕಾಲನ್ನು ಚಾಚಿ, ಅವನ ಪಾದವನ್ನು ಬಿಟ್ಟು ಚೆಂಡನ್ನು ಮಾತ್ರ ಕೀಳುವುದಕ್ಕೆ ಕೊಯ್ಲುಗಾರನ ಕುಡುಗೋಲಿನಷ್ಟೇ ಅಂದಾಜು ಬೇಕು. ಒಂದು ಕ್ಷಣ ಮೊದಲಾದರೆ ಚೆಂಡು ಸಿಗದು; ಒಂದು ಕ್ಷಣ ತಡವಾದರೆ ಸಿಗುವುದು ಎದುರಾಳಿಯ ಕಾಲು, ಆಮೇಲೆ ರೆಫ್ರಿಯ ಸೀಟಿ. ಅವರು ಒರಟು ಆಟಗಾರರೆಂಬ ಅಪವಾದವೂ ಇತ್ತು. ಅದನ್ನು ಪೂರ್ತಿ ಅಲ್ಲಗಳೆಯಲಾರೆ. ಕಾಯುವವನು ಕೈಮುಗಿದು ಕಾಯುವುದು ಸಾಧ್ಯವಿಲ್ಲ.

1960ರಲ್ಲಿ ರೋಮ್ ಒಲಿಂಪಿಕ್ಸಿಗೆ ಹೋದ ಭಾರತ ತಂಡದಲ್ಲಿ ಅವರಿದ್ದರು, ಕೆಂಪಯ್ಯನವರೂ ಇದ್ದರು. ಫಲಿತಾಂಶದ ಪಟ್ಟಿಯನ್ನಷ್ಟೆ ನೋಡಿದರೆ ಅದು ಸೋತ ತಂಡ. ಹಂಗೆರಿಯ ಎದುರು 1–2, ಫ್ರಾನ್ಸಿನೊಡನೆ 1–1, ಪೆರುವಿನ ಎದುರು 1–3. ಆದರೆ ಎಂಟೇ ವರ್ಷದ ಹಿಂದೆ ಹೆಲ್ಸಿಂಕಿಯಲ್ಲಿ ಇದೇ ದೇಶ ಯುಗೊಸ್ಲಾವಿಯದ ಎದುರು 1–10ರಿಂದ ಸೋತಿತ್ತೆಂಬುದನ್ನು ನೆನೆದುಕೊಂಡರೆ, ಆ ಸಲ ಕಂಚಿನ ಪದಕ ಪಡೆದ ಹಂಗೆರಿಗೆ ಒಂದೇ ಗೋಲಿನ ಅಂತರ ಬಿಟ್ಟುಕೊಟ್ಟ ಬೆಲೆ ತಿಳಿದೀತು. ಆ ಎಂಟು ವರ್ಷಗಳ ನಡುವೆ ಕೆಲಸ ಮಾಡಿದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರು.

ರಹೀಮರನ್ನು ಹೇಳದೆ ಜರ್ನೈಲ್ ಸಿಂಗರನ್ನು ಹೇಳಲು ಬರುವುದಿಲ್ಲ. ಅವರು ವೃತ್ತಿಯಿಂದ ಶಾಲಾಮಾಸ್ತರರು. ಆಟದಲ್ಲಿಯೂ ಮಾಸ್ತರರಾಗಿಯೇ ಇದ್ದರು. 1951ರಲ್ಲಿ ದೆಹಲಿಯ ಪ್ರಥಮ ಏಷ್ಯಾ ಕ್ರೀಡಾಕೂಟದಲ್ಲಿ ಚಿನ್ನ, 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ — ಇವು ಅವರ ಶಿಕ್ಷಣದ ಫಲ. ಯಾವ ಹುಡುಗನಿಗೆ ಯಾವ ಪಾಠ ಹತ್ತುತ್ತದೆ, ಯಾರನ್ನು ಗದರಬೇಕು, ಯಾರನ್ನು ಬೆನ್ನು ತಟ್ಟಬೇಕು ಎಂಬುದನ್ನು ಬಲ್ಲವರು. ಈ ಗುಣ ಪುಸ್ತಕದಿಂದ ಬರುವುದಿಲ್ಲವೆಂಬುದನ್ನು ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ನಾನು ಧೈರ್ಯವಾಗಿ ಹೇಳಬಲ್ಲೆ.

1962ರ ಜಕಾರ್ತ. ಆ ಕೂಟಕ್ಕೆ ಇಸ್ರೇಲಿಗೂ ತೈವಾನಿಗೂ ಇಂಡೋನೇಷ್ಯ ಪ್ರವೇಶ ಕೊಡಲಿಲ್ಲ. ಏಷ್ಯಾ ಕ್ರೀಡಾಕೂಟದ ಕಲ್ಪನೆಗೆ ಮೂಲಪುರುಷರಲ್ಲೊಬ್ಬರಾದ ಭಾರತದ ಗುರುದತ್ತ ಸೋಂಧಿಯವರು ಇದನ್ನು ಪ್ರತಿಭಟಿಸಿ, ಇಂಥ ಕೂಟಕ್ಕೆ ಆ ಹೆಸರು ಸಲ್ಲದೆಂದು ವಾದಿಸಿದರು. ವಾದ ನ್ಯಾಯವಾದದ್ದೇ. ಆದರೆ ಅದರ ಕಾವು ತಟ್ಟಿದ್ದು ಮೈದಾನದಲ್ಲಿದ್ದ ಹುಡುಗರಿಗೆ. ಉದ್ರಿಕ್ತ ಗುಂಪು ಭಾರತದ ರಾಯಭಾರ ಕಚೇರಿಗೆ ನುಗ್ಗಿ ಹಾನಿ ಮಾಡಿತು. ಭಾರತೀಯರು ಎಲ್ಲಿ ಕಂಡರೂ ಜನ ಹುಯ್ಯಲಿಟ್ಟರು. ರುಮಾಲು ಸುತ್ತಿದ ಸಿಖ್ಖನು ನೂರು ಜನರ ನಡುವೆಯೂ ಗುರುತು ಮರೆಸಿಕೊಳ್ಳಲಾರ ಎಂಬುದನ್ನು ಇಲ್ಲಿ ನೆನೆಯಬೇಕು.

ಆಟದ ಆರಂಭವೂ ಶುಭವಾಗಿರಲಿಲ್ಲ. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯ 2–0ರಿಂದ ಭಾರತವನ್ನು ಸೋಲಿಸಿತು. ಥಾಯ್ಲೆಂಡಿನ ಎದುರು ಭಾರತ 4–1ರಿಂದ ಗೆದ್ದಿತೆಂಬುದೇನೋ ನಿಜ; ಆದರೆ ಆ ಗೆಲುವಿಗೆ ತೆತ್ತ ಬೆಲೆ ಜರ್ನೈಲ್ ಸಿಂಗರ ತಲೆ. ಢಿಕ್ಕಿಯಲ್ಲಿ ತಲೆ ಒಡೆದು ರಕ್ತ ಸುರಿಯಿತು, ಹೊಲಿಗೆ ಹಾಕಬೇಕಾಯಿತು. ಗಾಯಾಳುವಿನ ಬದಲಿಗೆ ಬೇರೊಬ್ಬನನ್ನು ಇಳಿಸುವ ಪದ್ಧತಿ ಆಗಿನ್ನೂ ಇರಲಿಲ್ಲ. ಮುಂದಿನ ಪಂದ್ಯ ಜಪಾನಿನೊಡನೆ. ಜರ್ನೈಲ್ ಸಿಂಗರು ಕಟ್ಟು ಕಟ್ಟಿಕೊಂಡು ಹೊರಗೆ ಕುಳಿತರು. ಪ್ರದೀಪ ಬ್ಯಾನರ್ಜಿ, ಬಲರಾಮರ ಗೋಲುಗಳಿಂದ ಭಾರತ 2–0ರಿಂದ ಗೆದ್ದಿತು.

ಸೆಮಿಫೈನಲಿನ ಹೊತ್ತಿಗೆ ರಹೀಮರ ಮುಂದೆ ಒಂದು ಕಠಿಣ ಪ್ರಶ್ನೆ ಇತ್ತು. ಸ್ಟಾಪರಿನ ಕೆಲಸವೆಲ್ಲ ತಲೆಯಿಂದ. ಪಂದ್ಯದುದ್ದಕ್ಕೂ ಚೆಂಡು ಅವನ ಹಣೆಗೆ ಬಡಿಯುತ್ತಿರುತ್ತದೆ. ಹೊಲಿಗೆಯಿರುವ ತಲೆಯನ್ನು ಅಲ್ಲಿ ನಿಲ್ಲಿಸುವುದು ವಿವೇಕವಲ್ಲ. ಹಾಗೆಂದು ಇಂಥ ಆಟಗಾರನನ್ನು ಹೊರಗೆ ಕೂರಿಸಿದರೆ ತಂಡದ ಎದೆಗಾರಿಕೆಯೇ ಕುಂದುತ್ತದೆ. ಹಿಂದಿನ ಸಾಲಿನಲ್ಲಿ ಅರುಣ್ ಘೋಷ್, ಚಂದ್ರಶೇಖರ್ ಮುಂತಾದವರು ಭದ್ರವಾಗಿ ನಿಂತಿದ್ದರು. ಆಗ ರಹೀಮರಿಗೆ ಮಾಹಿಲ್‌ಪುರದ ಕಾಲೇಜು ಹುಡುಗ ನೆನಪಿಗೆ ಬಂದ. ಜರ್ನೈಲ್ ಸಿಂಗರನ್ನು ಅವರು ಸೆಂಟರ್ ಫಾರ್ವರ್ಡ್ ಆಗಿ ಮುಂದಕ್ಕೆ ಕಳುಹಿಸಿದರು. ನಮ್ಮ ಡ್ರಿಲ್ ಮೇಷ್ಟ್ರು ಕರಿಹಲಗೆಯ ಮೇಲೆ ಒರೆಸಿ ಮತ್ತೆ ಬರೆದದ್ದು ಈ ಚುಕ್ಕಿಯನ್ನೇ.

ಇದು ಹೊರನೋಟಕ್ಕೆ ಜೂಜಿನಂತೆ ಕಾಣುತ್ತದೆ. ಯೋಚಿಸಿ ನೋಡಿದರೆ ಹಾಗಲ್ಲ. ಎದುರಾಳಿಯ ಬ್ಯಾಕ್‌ಗಳ ಮನಸ್ಸಿನಲ್ಲಿ ಏನಿರುತ್ತದೆ, ಅವರು ಯಾವ ಕಡೆಗೆ ಹೆಜ್ಜೆ ಇಡಲು ಅಂಜುತ್ತಾರೆ ಎಂಬುದನ್ನು ಅದೇ ಕೆಲಸವನ್ನು ಮಾಡಿದವನಿಗಿಂತ ಬಲ್ಲವರು ಯಾರು? ಮನೆ ಕಾದವನಿಗೆ ಕನ್ನ ಎಲ್ಲಿ ಕೊರೆಯಬಹುದೆಂಬುದು ಚೆನ್ನಾಗಿ ಗೊತ್ತು. ಅಲ್ಲದೆ, ಹಿಂದೆಂದೂ ಈ ಸ್ಥಾನದಲ್ಲಿ ಕಾಣದ ಆಳು ಕಟ್ಟು ಕಟ್ಟಿದ ತಲೆಯೊಡನೆ ಮೈಮೇಲೆ ಬರುವುದನ್ನು ಕಂಡು ಎದುರಾಳಿಗಳು ಗಲಿಬಿಲಿಗೊಂಡರೆ ಅದೂ ಲಾಭವೇ. ಸೆಮಿಫೈನಲಿನಲ್ಲಿ ದಕ್ಷಿಣ ವಿಯೆಟ್ನಾಮನ್ನು ಭಾರತ 3–2ರಿಂದ ಸೋಲಿಸಿತು. ನಾಯಕ ಚುನಿ ಗೋಸ್ವಾಮಿ ಎರಡು ಗೋಲು ಹೊಡೆದರು. ಒಂದು ಜರ್ನೈಲ್ ಸಿಂಗರದು.

ಸೆಪ್ಟೆಂಬರ್ 4ರಂದು ಫೈನಲ್. ಎದುರಿಗೆ ಮತ್ತೆ ಅದೇ ದಕ್ಷಿಣ ಕೊರಿಯ. ಸೆನಯಾನ್ ಕ್ರೀಡಾಂಗಣದಲ್ಲಿ ಸುಮಾರು ಲಕ್ಷ ಜನ. ಅವರ ಕೂಗೆಲ್ಲ ಭಾರತದ ವಿರುದ್ಧ. ಗೋಲಿನಲ್ಲಿ ಜ್ವರದಿಂದ ಎದ್ದು ಬಂದ ಪೀಟರ್ ತಂಗರಾಜ್. ಅಷ್ಟು ಜನರ ನಡುವೆ ಭಾರತಕ್ಕಾಗಿ ಕೂಗಿದವರು ಪಾಕಿಸ್ತಾನದ ಹಾಕಿ ಆಟಗಾರರು. ಕ್ರೀಡಾಚರಿತ್ರೆಯಲ್ಲಿ ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುವುದು ವಾಡಿಕೆ. ನನಗೆ ಮಾತ್ರ ಈ ಸಾಲನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಲಾಯಲ್‌ಪುರವನ್ನು ಬಿಟ್ಟು ಓಡಿಬಂದ ಹುಡುಗ ಹದಿನೈದು ವರ್ಷಗಳ ಮೇಲೆ ಪರದೇಶದ ಮೈದಾನದಲ್ಲಿ ನಿಂತಿದ್ದಾನೆ; ಲೋಕವೆಲ್ಲ ಹಳಿಯುವಾಗ ಅವನಿಗಾಗಿ ಕೂಗುತ್ತಿರುವುದು ಅವನು ಬಿಟ್ಟುಬಂದ ನೆಲದ ಜನ. ಆ ಗದ್ದಲದಲ್ಲಿ ಆ ದನಿ ಅವರಿಗೆ ಕೇಳಿಸಿತೋ ಇಲ್ಲವೋ.

ಹದಿನೇಳನೆಯ ನಿಮಿಷದಲ್ಲಿ ಪ್ರದೀಪ ಬ್ಯಾನರ್ಜಿ ಮೊದಲ ಗೋಲು ಹೊಡೆದರು. ಮೂರು ನಿಮಿಷಗಳ ಮೇಲೆ ಎರಡನೆಯದನ್ನು ಜರ್ನೈಲ್ ಸಿಂಗರು ಹೊಡೆದರು. ಆಮೇಲೆ ಒಂದು ಗಂಟೆಗೂ ಮಿಕ್ಕಿ ಭಾರತ ತನ್ನ ಕೋಟೆಯನ್ನು ಕಾಯಿತು. ಆಟ ಮುಗಿಯಲು ಐದು ನಿಮಿಷವಿರುವಾಗ ಕೊರಿಯ ಒಂದನ್ನು ತೀರಿಸಿತು. ಉಳಿದ ಐದು ನಿಮಿಷವೂ ಕಳೆಯಿತು. 2–1. ಕಾಲ್ಚೆಂಡಾಟದಲ್ಲಿ ಏಷ್ಯಾ ಕ್ರೀಡಾಕೂಟದ ಚಿನ್ನ ಆ ದಿನದಿಂದ ಇಂದಿನವರೆಗೆ ಮತ್ತೆ ಭಾರತಕ್ಕೆ ಬಂದಿಲ್ಲ.

ಜೀವಮಾನವೆಲ್ಲ ಗೋಲು ತಡೆದವರನ್ನು ಜನ ಇಂದಿಗೂ ನೆನೆಯುವುದು ಅವರು ಹೊಡೆದ ಎರಡು ಗೋಲುಗಳಿಗಾಗಿ. ಅದಕ್ಕೆ ಅವರು ಸಿಟ್ಟಾಗುತ್ತಿದ್ದರೋ ನಗುತ್ತಿದ್ದರೋ ಕಾಣೆ.

ಒಂದು ವರ್ಷ ತುಂಬುವ ಮೊದಲೇ, 1963ರ ಜೂನ್ 11ರಂದು, ರಹೀಮರು ಕ್ಯಾನ್ಸರಿಗೆ ತುತ್ತಾದರು. ವಯಸ್ಸು ಐವತ್ತಮೂರು. ಭಾರತದ ಕಾಲ್ಚೆಂಡಾಟದ ಇಳಿತ ಆ ದಿನವೇ ಮೊದಲಾಯಿತೆಂದು ಬರೆಯುವುದು ರೂಢಿಯಾಗಿದೆ. ಒಬ್ಬ ಮನುಷ್ಯನ ಮೇಲೆ ಅಷ್ಟು ಭಾರ ಹೊರಿಸುವುದು ಸರಿಯೆನಿಸದಿದ್ದರೂ, ಅವರ ಶಿಷ್ಯರು ತಂದೆಯನ್ನು ಕಳೆದುಕೊಂಡವರಂತಾದರೆಂಬುದು ನಿಜ. 1964ರಲ್ಲಿ ಜರ್ನೈಲ್ ಸಿಂಗರಿಗೆ ಅರ್ಜುನ ಪ್ರಶಸ್ತಿ ಬಂತು. 1965ರಿಂದ ಅವರು ಭಾರತ ತಂಡದ ನಾಯಕರಾದರು; ಏಷ್ಯಾ ಖಂಡದ ಆಯ್ದ ಆಟಗಾರರ ತಂಡ ರಚಿತವಾದಾಗ ಅದರ ನಾಯಕತ್ವವೂ ಅವರಿಗೇ ಬಂತು.

ಆದರೆ ನಾಯಕತ್ವದ ಕಾಲ ಸುಖದ್ದಲ್ಲ. 1966ರ ಬ್ಯಾಂಗ್‌ಕಾಕ್ ಏಷ್ಯಾ ಕೂಟದಲ್ಲಿ ಭಾರತ ಗುಂಪಿನ ಹಂತದಲ್ಲಿಯೇ ನಿಂತಿತು. ಸೋಲಿಸಿದವರಲ್ಲಿ ಜಪಾನೂ ಒಂದು, 2–1ರಿಂದ. ಜಕಾರ್ತದಲ್ಲಿ ಜರ್ನೈಲ್ ಸಿಂಗರು ಆಡದಿದ್ದಾಗಲೂ ಭಾರತಕ್ಕೆ ಮಣಿದಿದ್ದ ಜಪಾನ್, ಅವರೇ ನಾಯಕರಾಗಿದ್ದಾಗ ಭಾರತವನ್ನು ಮಣಿಸಿತು. ನಾಲ್ಕು ವರ್ಷಗಳಲ್ಲಿ ಏನಾಯಿತು? ಜಪಾನೀಯರು 1960ರಲ್ಲಿಯೇ ಜರ್ಮನಿಯಿಂದ ಡೆಟ್‌ಮಾರ್ ಕ್ರಾಮರ್ ಎಂಬ ತರಬೇತುದಾರನನ್ನು ಕರೆಸಿ, ಚೆಂಡನ್ನು ಪಾದದ ಯಾವ ಭಾಗದಿಂದ ಒದೆಯಬೇಕೆಂಬ ಮೊದಲ ಪಾಠದಿಂದ ಮತ್ತೆ ಕಲಿತಿದ್ದರು. 1965ರಲ್ಲಿ ಕಂಪನಿಗಳ ತಂಡಗಳನ್ನು ಸೇರಿಸಿ ದೇಶವ್ಯಾಪಿಯಾದ ಲೀಗನ್ನು ಆರಂಭಿಸಿದ್ದರು. ಕ್ರಾಮರನ ಗರಡಿಯಲ್ಲಿ ಪಳಗಿದ ತಮ್ಮವನೇ ಆದ ಕೆನ್ ನಾಗಾನುಮ ಎಂಬ ಹಳೆಯ ಆಟಗಾರನ ಕೈಗೆ ತಂಡವನ್ನು ಒಪ್ಪಿಸಿದ್ದರು. 1968ರಲ್ಲಿ ಅದೇ ತಂಡ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದಿತು. ನಮಗೂ ಒಬ್ಬ ಮಾಸ್ತರರಿದ್ದರು. ಅವರ ಹಿಂದೆ ಒಂದು ಶಾಲೆ ಇರಲಿಲ್ಲ.

ಈ ಹಿನ್ನೆಲೆಯಲ್ಲಿ ಜರ್ನೈಲ್ ಸಿಂಗರ ಎರಡನೆಯ ಬಾಳನ್ನು ನೋಡಬೇಕು. ಕಲ್ಕತ್ತೆಯನ್ನು ಬಿಟ್ಟು ಅವರು ಪಂಜಾಬಿಗೆ ಮರಳಿ, ಅಲ್ಲಿಯ ಸರಕಾರದ ಕ್ರೀಡಾ ಇಲಾಖೆಯಲ್ಲಿ ಸೇವೆ ಸಲ್ಲಿಸುತ್ತ, ತಂಡ ಕಟ್ಟುವ ಕೆಲಸಕ್ಕೆ ಕೈಹಾಕಿದರು. ರಾಜ್ಯಗಳ ನಡುವೆ ನಡೆಯುವ ಸಂತೋಷ್ ಟ್ರೋಫಿ 1941ರಲ್ಲಿ ಆರಂಭವಾದಾಗಿನಿಂದ ಪಂಜಾಬಿಗೆ ಒಮ್ಮೆಯೂ ದಕ್ಕಿರಲಿಲ್ಲ. ಮೈಸೂರಿಗೆ ಅದು ಅಪರಿಚಿತವಾದುದಲ್ಲ. ಲಂಡನ್ ಒಲಿಂಪಿಕ್ಸಿನಲ್ಲಿ ಬರಿಗಾಲಿನಲ್ಲಿ ಆಡಿ ಹೆಸರಾದ ಅಹಮದ್ ಖಾನ್, ರಾಮನ್ ಮುಂತಾದವರ ಕಾಲದಲ್ಲಿಯೇ, 1946ರಲ್ಲಿ, ಮೈಸೂರು ಅದನ್ನು ಗೆದ್ದಿತ್ತು. 1952ರಲ್ಲಿ ಮತ್ತೆ ಗೆದ್ದಿತ್ತು. 1967–68ರಲ್ಲಿಯೂ 1968–69ರಲ್ಲಿಯೂ ಬಂಗಾಳವನ್ನು ಸೋಲಿಸಿ ಬೆನ್ನುಬೆನ್ನಿಗೆ ಎರಡು ಸಲ ತಂದಿತ್ತು. 1970ರ ಪಂದ್ಯಾವಳಿ ಜಲಂಧರಿನಲ್ಲಿ ನಡೆದಾಗ ಫೈನಲಿನಲ್ಲಿ ಎದುರೆದುರು ನಿಂತವರು ಪಂಜಾಬ್ ಮತ್ತು ಮೈಸೂರು. ಪಂಜಾಬಿಗೆ ಆಟಗಾರನೂ ತರಬೇತುದಾರನೂ ಆಗಿದ್ದವರು ಜರ್ನೈಲ್ ಸಿಂಗರು.

ಮೊದಲ ದಿನ 1–1. ಮರುಪಂದ್ಯದಲ್ಲಿ ಪಂಜಾಬ್ 3–1ರಿಂದ ಗೆದ್ದಿತು. ಪಂಜಾಬಿಗೆ ಅದು ಮೊದಲ ಸಂತೋಷ್ ಟ್ರೋಫಿ. ನಮಗೆ ಅದು ಕಹಿಯಾದ ಸುದ್ದಿ. ನಾನು ಆಗ ಕಾಲೇಜಿನಲ್ಲಿದ್ದೆ. ರಜೆಗೆ ಊರಿಗೆ ಬಂದಾಗ ನಿವೃತ್ತರಾಗಿದ್ದ ಡ್ರಿಲ್ ಮೇಷ್ಟ್ರನ್ನು ಕಾಣಲು ಹೋದೆ. ಮೈಸೂರು ಸೋತದ್ದಕ್ಕೆ ಅವರು ಪಟ್ಟ ವ್ಯಥೆ ಅಷ್ಟಿಷ್ಟಲ್ಲ. ಆ ಬ್ಯಾಕ್ ಸರಿಯಿಲ್ಲ, ಈ ಫಾರ್ವರ್ಡ್ ಸೋಮಾರಿ ಎಂದು ಅರ್ಧ ಗಂಟೆ ಬೈದರು. ಎದುರಾಳಿಯ ತರಬೇತುದಾರ ಯಾರೆಂದು ನಾನು ನೆನಪಿಸಿದ ಮೇಲೆ ಬೈಗುಳ ನಿಂತಿತು. ಕಾಫಿ ತರಿಸಿದರು.

ಇಲ್ಲಿ ಒಂದು ಮಾತು. ಒಳ್ಳೆಯ ಆಟಗಾರರೆಲ್ಲ ಒಳ್ಳೆಯ ತರಬೇತುದಾರರಾಗುವುದಿಲ್ಲ. ತನಗೆ ಸಹಜವಾಗಿ ಬಂದದ್ದು ಇತರರಿಗೆ ಏಕೆ ಬರುವುದಿಲ್ಲವೆಂದು ಪ್ರತಿಭಾವಂತನಿಗೆ ಅರ್ಥವಾಗುವುದಿಲ್ಲ, ರೇಗುತ್ತಾನೆ. ಹಿಂದಿನ ಸಾಲಿನಲ್ಲಿ ನಿಂತವನ ಮಾತು ಬೇರೆ. ತೊಂಬತ್ತು ನಿಮಿಷವೂ ಅವನ ಕಣ್ಣ ಮುಂದೆ ಇಡೀ ಮೈದಾನ ಹರಡಿರುತ್ತದೆ. ಯಾರು ಎಲ್ಲಿ ತಪ್ಪಿದರು, ಯಾವ ತಪ್ಪಿನಿಂದ ಯಾವ ಅಪಾಯ ಹುಟ್ಟಿ ತನ್ನವರೆಗೆ ಬಂತು ಎಂಬುದನ್ನು ಅವನು ಪ್ರತಿದಿನವೂ ಓದಬೇಕು, ಓದಿ ತಿದ್ದಬೇಕು. ಮುಂದಿನ ಸಾಲಿನವನು ಗೋಲನ್ನು ಮಾತ್ರ ಕಾಣುತ್ತಾನೆ. ಹಿಂದಿನವನು ಆಟವನ್ನು ಕಾಣುತ್ತಾನೆ. ಜರ್ನೈಲ್ ಸಿಂಗರ ವಿಷಯದಲ್ಲಿ ಇದಕ್ಕೆ ಜಕಾರ್ತದ ಅನುಭವವೂ ಸೇರಿತ್ತು. ಒಬ್ಬ ಆಟಗಾರನನ್ನು ಅವನ ಸ್ಥಾನದಿಂದ ಕಿತ್ತು ಮತ್ತೊಂದರಲ್ಲಿ ಊರಿದಾಗ ಅವನೊಳಗೆ ಏನಾಗುತ್ತದೆಂಬುದನ್ನು ತಮ್ಮ ಮೈಮೇಲೆಯೇ ಅರಿತವರು ಅವರು.

ಇದರ ಪರಿಣಾಮವನ್ನು 1974–75ರಲ್ಲಿ ದೇಶ ಕಂಡಿತು. ಅದೇ ಜಲಂಧರು, ಅದೇ ಟ್ರೋಫಿ. ಈ ಸಲ ಫೈನಲಿನಲ್ಲಿ ಬಂಗಾಳ. ಬ್ಯಾಕ್ ಆಗಿದ್ದವರು ಕಟ್ಟಿದ ತಂಡ ಕೋಟೆಯಂತೆ ಕುಳಿತು ಕಾಯುವ ತಂಡವಾಗಿರಬೇಕೆಂದು ಯಾರಾದರೂ ಎಣಿಸಿದ್ದರೆ ಅವರ ಎಣಿಕೆ ಸುಳ್ಳಾಯಿತು. ಆ ಪಂದ್ಯಾವಳಿಯಲ್ಲಿ ಪಂಜಾಬಿನ ಇಂದರ್ ಸಿಂಗ್ ಒಬ್ಬರೇ 23 ಗೋಲುಗಳನ್ನು ಹೊಡೆದರು. ಫೈನಲಿನಲ್ಲಿ ಬಂಗಾಳವನ್ನು ಪಂಜಾಬ್ 6–0ರಿಂದ ಮುರಿಯಿತು. ತಮ್ಮನ್ನು ಹತ್ತು ವರ್ಷ ಸಾಕಿ ಮೆರೆಸಿದ ಕಲ್ಕತ್ತೆಯ ಹುಡುಗರ ಎದುರಿಗೆ ಆರನೆಯ ಗೋಲು ಬಿದ್ದಾಗ ಮೈದಾನದ ಅಂಚಿನಲ್ಲಿ ನಿಂತಿದ್ದ ಆ ಮನುಷ್ಯನ ಮುಖ ಹೇಗಿತ್ತೋ ನೋಡಬೇಕಾಗಿತ್ತು.

ಮುಂದಿನ ವರ್ಷಗಳನ್ನು ವಿಸ್ತರಿಸುವ ಅಗತ್ಯವಿಲ್ಲ. ಇಲಾಖೆಯಲ್ಲಿ ಮೇಲಿನ ಹುದ್ದೆಗಳು ಬಂದುವು. ಕಡತಗಳ ನಡುವಿನ ಬಾಳು ಯಾವ ಜೀವನಚರಿತ್ರಕಾರನಿಗೂ ರುಚಿಸುವುದಿಲ್ಲ. ಇವರಂಥವರಿಗೆ ರಾಷ್ಟ್ರದ ತಂಡವನ್ನು ಹಲವು ವರ್ಷ ನಿರಾತಂಕವಾಗಿ ಒಪ್ಪಿಸಿದ್ದರೆ ಏನಾಗುತ್ತಿತ್ತೋ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಜಪಾನ್ ತನ್ನ ಹಳೆಯ ಆಟಗಾರರನ್ನು ಬಳಸಿಕೊಂಡ ರೀತಿಯನ್ನು ಕಂಡಾಗ ಆ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ.

ಕೊನೆಯ ಕಾಲದಲ್ಲಿ ಅವರು ಕೆನಡದಲ್ಲಿದ್ದರು. ಅದು ಮತ್ತೊಂದು ವಲಸೆ. ಹೋಶಿಯಾರ್‌ಪುರ, ಜಲಂಧರ್ ಸೀಮೆಗಳ ಎಷ್ಟೋ ಮನೆಗಳಿಗೆ ಆ ದೇಶ ಈಗ ಎರಡನೆಯ ಲಾಯಲ್‌ಪುರವಾಗಿದೆ. ತೊಂಬತ್ತು ನಿಮಿಷ ಓಡಿದರೂ ಬಳಲದಿದ್ದ ಎದೆಯನ್ನು ಉಬ್ಬಸ ಹಿಡಿದಿತ್ತು. 2000ದ ಅಕ್ಟೋಬರ್ 13ರಂದು ವ್ಯಾಂಕೂವರಿನಲ್ಲಿ ಅವರು ತೀರಿಕೊಂಡರು. ವಯಸ್ಸು ಅರವತ್ತನಾಲ್ಕು. ಅವರು ಹುಟ್ಟಿದ ಲಾಯಲ್‌ಪುರ 1977ರಲ್ಲಿ ಫೈಸಲಾಬಾದ್ ಎಂದು ಹೆಸರು ಬದಲಾಯಿಸಿಕೊಂಡಿತ್ತು. ಭೂಪಟದಲ್ಲಿ ಹುಡುಕಿದರೂ ಆ ಹೆಸರು ಸಿಗುತ್ತಿರಲಿಲ್ಲ.

ಸುದ್ದಿ ನಮ್ಮೂರಿಗೆ ಬಂದಾಗ ಡ್ರಿಲ್ ಮೇಷ್ಟ್ರು ಬದುಕಿರಲಿಲ್ಲ. ನಾನು ಆಗ ಏಳನೆಯ ತರಗತಿಗೆ ಪಾಠ ಹೇಳುತ್ತಿದ್ದೆ. ಆ ದಿನ ವ್ಯಾಕರಣವನ್ನು ಬದಿಗಿಟ್ಟು ಕರಿಹಲಗೆಯ ಮೇಲೆ ಹನ್ನೊಂದು ಚುಕ್ಕಿಗಳನ್ನಿಟ್ಟೆ. ಹಿಂದಿನ ಸಾಲಿನ ನಡುವಿನದನ್ನು ಒರೆಸಿ ಮುಂದಕ್ಕೆ ಬರೆದೆ. ಹಿಂದಿನ ಬೆಂಚಿನಲ್ಲಿದ್ದ ಒಬ್ಬ ಹುಡುಗ ಎದ್ದು ನಿಂತು, ಒರೆಸಿದ ಜಾಗದಲ್ಲಿ ಈಗ ಯಾರು ನಿಂತಿದ್ದಾರೆಂದು ಕೇಳಿದ. ನಾನು ಅರುಣ್ ಘೋಷರ ಕಥೆಯನ್ನು ಆರಂಭಿಸಿದೆ.